ಸಿಟ್ಟು ನಿಮ್ಮದಲ್ಲ, ಶೆಡ್ಯೂಲಿನದು

ಹೊಸದಾಗಿ ಹೆಗಲಿಗೆ ಬ್ಯಾಗು ಹಾಕಿಕೊಂಡಿರುವ ಕಂಡಕ್ಟರ್ ತಮ್ಮಂದಿರೇ, ತಂಗಿಯರೇ,

ತರಬೇತಿ ಮುಗಿಸಿ ಲೈನಿಗೆ ಬಂದಿದ್ದೀರಿ. ಇಟಿಎಂ ಮಷಿನ್ನಿನಲ್ಲಿ ಸ್ಟೇಜು ಬದಲಿಸುವುದು, ಲಗೇಜಿಗೆ ಟಿಕೆಟ್ ಹರಿಯುವುದು, ವಿದ್ಯಾರ್ಥಿ ಪಾಸು ಯಾವುದು, ಅಂಗವಿಕಲರ ಪಾಸು ಯಾವುದು, ಅರ್ಧ ಟಿಕೆಟ್ ಯಾರಿಗೆ ಎಂಬುದನ್ನೆಲ್ಲ ಹೇಳಿಕೊಟ್ಟಿರುತ್ತಾರೆ. ಕೊನೆಗೊಂದು ಮಧ್ಯಾಹ್ನ, ಊಟದ ಮೇಲೆ ಎಲ್ಲರಿಗೂ ತೂಕಡಿಕೆ ಬರುವ ಹೊತ್ತಿಗೆ, ಒಬ್ಬ ಸಾಹೇಬರು ಬಂದು “ಪ್ರಯಾಣಿಕರೇ ನಮ್ಮ ದೇವರು, ಸದಾ ನಗುಮುಖದಿಂದ ಇರಿ” ಎಂದು ಭಾಷಣ ಮಾಡಿ ಹೋಗಿರುತ್ತಾರೆ. ಮಷಿನ್ನಿಗೆ ದಿನಗಟ್ಟಲೆ ಪಾಠ, ಮುಖಕ್ಕೆ ಅರ್ಧ ಗಂಟೆ. ಲೈನಿಗೆ ಬಂದ ಮೇಲೆ ತಿಳಿಯುವುದು, ಈ ಲೆಕ್ಕ ತಲೆಕೆಳಗಾಗಿದೆ ಅಂತ. ಮಷಿನ್ನು ತಿಂಗಳೊಳಗೆ ಕೈಗೆ ಒಗ್ಗುತ್ತದೆ. ಮುಖ ಒಗ್ಗುವುದಕ್ಕೆ ಇಡೀ ಸರ್ವಿಸು ಸಾಲದು.

ನಾನು ಈ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಟಿಕೆಟ್ ಬ್ಲಾಕು, ಪಂಚು ಇದ್ದ ಕಾಲದಲ್ಲಿ ಸೇರಿದೆ. ಆಧಾರ್ ಕಾರ್ಡ್ ನೋಡಿ ಹೆಂಗಸರಿಗೆ ಶೂನ್ಯ ಟಿಕೆಟ್ ಕೊಡುವ ಕಾಲಕ್ಕೆ ನಿವೃತ್ತನಾದೆ. ರಾಜ್ಯದ ನಾಲ್ಕು ಸಾರಿಗೆ ನಿಗಮಗಳಲ್ಲಿ ಯಾವುದು, ಯಾವ ಡಿಪೋ ಎಂಬುದು ಇಲ್ಲಿ ಬೇಡ. ಹೇಳಬೇಕಾದ ಮಾತು ಬೀದರಿನ ಬಸ್ಸಿಗೂ ಒಂದೇ, ಚಾಮರಾಜನಗರದ ಬಸ್ಸಿಗೂ ಒಂದೇ. ಆ ಸಾಹೇಬರು ಅರ್ಧ ಗಂಟೆಯಲ್ಲಿ ಮುಗಿಸಿದ ಪಾಠವನ್ನು ನಾನು ಸ್ವಲ್ಪ ವಿವರವಾಗಿ ಬರೆಯಬೇಕೆಂದಿದ್ದೇನೆ. ಅವರು ಹೇಳಿದ್ದಕ್ಕೆ ಉಲ್ಟಾ ಹೇಳಿದರೂ ಹೇಳಬಹುದು.

ಬೆಳಗಿನ ಒಂದು ಟ್ರಿಪ್ಪು ತೆಗೆದುಕೊಳ್ಳಿ. ಹಳ್ಳಿಯಿಂದ ಹೊರಟ ಮೊದಲ ಬಸ್ಸು. ಸೀಟು ಐವತ್ತರ ಆಸುಪಾಸು, ಜನ ಅದರ ಒಂದೂವರೆ ಪಟ್ಟು. ಮುಂದಿನ ಸೀಟಿನಲ್ಲಿ ಸಂತೆಗೆ ಹೊರಟ ಸೊಪ್ಪಿನ ಗಂಟು, ಅದಕ್ಕೆ ಲಗೇಜು ಹಾಕಬೇಕೋ ಬೇಡವೋ ಎಂಬ ತಕರಾರು. ನಡುವೆ ಆಸ್ಪತ್ರೆಗೆ ಹೊರಟ ಮುದುಕ, ಅವನ ಮಗ. ಮಗನಿಗೆ ಅಪ್ಪನ ಕಾಯಿಲೆಯ ಮೇಲಿನ ಸಿಟ್ಟು, ರಿಪೋರ್ಟ್ ಕೊಡದ ಡಾಕ್ಟರ ಮೇಲಿನ ಸಿಟ್ಟು. ಬಸ್ಸು ಹತ್ತು ನಿಮಿಷ ತಡವಾಗಿದ್ದಕ್ಕೆ ಎಲ್ಲವೂ ನಿಮ್ಮ ಮೇಲೆ. ಹಿಂದಿನ ಬಾಗಿಲಲ್ಲಿ ಕಾಲೇಜು ಹುಡುಗರು ನೇತಾಡುತ್ತಿದ್ದಾರೆ. “ಒಳಗೆ ಬನ್ನಿ” ಎಂದರೆ ನಗುತ್ತಾರೆ, ಬಿದ್ದರೆ ಜವಾಬ್ದಾರಿ ನಿಮ್ಮದು. ಹತ್ತು ಗಂಟೆಗೆ ಕೋರ್ಟು ಇರುವವರೊಬ್ಬರು ಗಡಿಯಾರ ತೋರಿಸುತ್ತಾರೆ. ರಾತ್ರಿ ಕುಡಿದದ್ದು ಇನ್ನೂ ಇಳಿಯದವನೊಬ್ಬ “ಏನ್ರೀ ಕಂಡಕ್ಟರ್ರ, ನಮ್ಮೂರ ಬಂದ್ರ ಹೇಳ್ರಿ” ಎಂದು ಮೂರನೇ ಸಲ ಹೇಳುತ್ತಾನೆ. ಒಬ್ಬೊಬ್ಬರ ಜತೆ ನಿಮ್ಮ ಮಾತು ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಅವರವರ ಮನೆಯ ಕಷ್ಟವೆಲ್ಲ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಸಾರಿಗೆ ಬಸ್ಸಿನಲ್ಲಿ ಆ ಕೊತ್ತಿಗೆ ಖಾಕಿ ತೊಡಿಸಿದ್ದಾರೆ.

ಸಂಜೆ ಡಿಪೋಗೆ ಬಂದು ಕ್ಯಾಶ್ ಕಟ್ಟುತ್ತೀರಿ. ಎಷ್ಟು ಟಿಕೆಟ್, ಎಷ್ಟು ರೂಪಾಯಿ, ಕಿಲೋಮೀಟರಿಗೆ ಎಷ್ಟು ಆದಾಯ, ಲೀಟರಿಗೆ ಎಷ್ಟು ಕಿಲೋಮೀಟರ್, ಎಲ್ಲವೂ ಕಾಗದದ ಮೇಲೆ ಬರುತ್ತದೆ. ನುಂಗಿಕೊಂಡ ಮಾತು ಎಷ್ಟು ಎಂಬುದಕ್ಕೆ ಕಾಲಂ ಇಲ್ಲ.

ಓದುವ ಚಟ ನನಗೆ ನೈಟ್ ಔಟ್ ಶೆಡ್ಯೂಲುಗಳಲ್ಲಿ ಹತ್ತಿದ್ದು. ಹಾಗೆ ಎಲ್ಲೋ ಓದಿದ್ದು: ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಒಂದು ಪುಸ್ತಕ ಬರೆದರು, ‘ದಿ ಮ್ಯಾನೇಜ್ಡ್ ಹಾರ್ಟ್’ ಅಂತ. ಸಂಬಳಕ್ಕಾಗಿ ಮುಖದ ಮೇಲೆ ಒಂದು ಭಾವನೆ ತರಿಸಿಕೊಳ್ಳುವುದೂ, ಒಳಗಿನ ಇನ್ನೊಂದನ್ನು ಅದುಮಿಡುವುದೂ ದುಡಿಮೆಯೇ ಎಂದು ಹೇಳಿ ಅದಕ್ಕೆ ಭಾವನಾತ್ಮಕ ಶ್ರಮ ಎಂದು ಹೆಸರಿಟ್ಟವರು ಅವರು. ಅದಕ್ಕಾಗಿ ಅವರು ಮುಖ್ಯವಾಗಿ ನೋಡಿದ್ದು ಡೆಲ್ಟಾ ಎಂಬ ವಿಮಾನ ಕಂಪನಿಯ ಎರಡು ಬಗೆಯ ನೌಕರರನ್ನು. ಒಂದು ಗಗನಸಖಿಯರು: ಅವರ ಕೆಲಸ ನಗುವುದು, ಬಂದವನನ್ನು ದೊಡ್ಡವನನ್ನಾಗಿ ಕಾಣಿಸುವುದು. ಇನ್ನೊಂದು ಬಾಕಿ ವಸೂಲಿ ಮಾಡುವವರು: ಅವರ ಕೆಲಸ ಗದರುವುದು, ಎದುರಿನವನನ್ನು ಸಣ್ಣವನನ್ನಾಗಿ ಕಾಣಿಸುವುದು. ಒಬ್ಬರು ಕಂಪನಿಯ ಮುಂಬಾಗಿಲು, ಇನ್ನೊಬ್ಬರು ಹಿತ್ತಲು. ಬೇರೆ ಬೇರೆ ಜನ, ಬೇರೆ ಬೇರೆ ತರಬೇತಿ.

ಓದುತ್ತಾ ನನಗೆ ನಗು ಬಂತು. ನಮ್ಮಲ್ಲಿ ಎರಡೂ ಕೆಲಸ ಒಬ್ಬನಿಗೇ, ಅದೂ ಒಂದೇ ಟ್ರಿಪ್ಪಿನಲ್ಲಿ! ಮೂರನೇ ಸೀಟಿನ ಅಜ್ಜಿಗೆ “ನಿಧಾನ ಅಮ್ಮಾ, ಹಿಡ್ಕೊಂಡು ಇಳೀರಿ” ಎಂದು ಹೇಳಿ ತಿರುಗುವಷ್ಟರಲ್ಲಿ, ಟಿಕೆಟ್ ತಗೊಳ್ಳದೆ ಕಿಟಕಿಯಾಚೆ ನೋಡುತ್ತಾ ಕೂತವನ ಮುಂದೆ ವಸೂಲಿಗಾರನಾಗಬೇಕು. ಅಷ್ಟರಲ್ಲಿ ಅಡ್ಡರಸ್ತೆಯಲ್ಲಿ ಲೈನ್ ಚೆಕಿಂಗಿನವರು ಕೈ ಅಡ್ಡ ಹಿಡಿದರೆ ಮೂರನೆಯ ಮುಖ ಬೇಕು. ಕಳ್ಳನಲ್ಲ ಎಂದು ತೋರಿಸಿಕೊಳ್ಳುವ ಮುಖ. ಕಾಲು ಗಂಟೆಯಲ್ಲಿ ಮೂರು ಮುಖ ಹಾಕಿ ತೆಗೆಯುವ ಕೆಲಸ ವಿಮಾನದಲ್ಲಿಲ್ಲ. ಬೆಂಗಳೂರಿನ ಬಿಟಿಎಸ್ ಬಸ್ಸಿನಲ್ಲಿ ಶಿವಾಜಿ ರಾವ್ ಎಂಬ ಒಬ್ಬ ಕಂಡಕ್ಟರ್ ಇದ್ದರು. ಮದ್ರಾಸಿಗೆ ಹೋಗಿ ರಜನಿಕಾಂತ್ ಆದರು. ಜನ ಅದನ್ನು ಪವಾಡದ ಹಾಗೆ ಹೇಳುತ್ತಾರೆ. ನನಗೆ ಅದರಲ್ಲಿ ಪವಾಡವೇನೂ ಕಾಣುವುದಿಲ್ಲ. ಬಸ್ಸಿನಲ್ಲಿ ಮಾಡಿದ್ದನ್ನೇ ಅಲ್ಲಿ ಮಾಡಿದರು, ಅಲ್ಲಿ ಅದಕ್ಕೆ ಕಾಸು ಬಂತು.

ಆ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ನಟನೆಯಲ್ಲಿ ಎರಡು ಬಗೆ. ಮುಖ ಮಾತ್ರ ನಗುವುದು ಒಂದು. ಒಳಗೂ ನಗು ಹುಟ್ಟುವ ಹಾಗೆ ಮನಸ್ಸನ್ನೇ ಒಪ್ಪಿಸಿಬಿಡುವುದು ಇನ್ನೊಂದು. ಗಗನಸಖಿಯರಿಗೆ ಎರಡನೆಯದನ್ನು ಕಲಿಸುತ್ತಿದ್ದರಂತೆ. ವಿಮಾನದ ಒಳಗನ್ನು ನಿಮ್ಮ ಮನೆಯ ಪಡಸಾಲೆ ಎಂದುಕೊಳ್ಳಿ, ಕಿರಿಕಿರಿ ಮಾಡುವವನಿಗೆ ಏನೋ ದೊಡ್ಡ ದುಃಖವಿದೆ ಎಂದುಕೊಳ್ಳಿ, ಹೀಗೆ. ನಮ್ಮ ಹಳೇ ಕಂಡಕ್ಟರುಗಳಿಗೆ ಇದನ್ನು ಯಾವ ಕಂಪನಿಯೂ ಕಲಿಸಿರಲಿಲ್ಲ. “ಪಾಪ, ಮನೇಲಿ ಏನಾಗಿದೆಯೋ” ಎನ್ನುವ ಒಂದು ಮಾತನ್ನು ಮಂತ್ರದ ಹಾಗೆ ಇಟ್ಟುಕೊಂಡಿದ್ದರು. ಅದು ಕೆಲಸ ಮಾಡುತ್ತದೆ. ಹತ್ತರಲ್ಲಿ ಎಂಟು ಸಲ ಅದು ನಿಜವೂ ಆಗಿರುತ್ತದೆ.

ಆದರೆ ಈ ಮಂತ್ರದಲ್ಲಿ ಒಂದು ಅಪಾಯವಿದೆ, ಅದನ್ನು ನಿಮಗೆ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಪಾಪ ಎನ್ನುತ್ತಾ ಹೋದರೆ, ಸಿಟ್ಟು ಬರಲೇಬೇಕಾದ ಕಡೆಯೂ ಬರುವುದಿಲ್ಲ. ರಶ್ಶಿನಲ್ಲಿ ಹುಡುಗಿಯೊಬ್ಬಳ ಮೈಗೆ ಮೈ ತಾಗಿಸಿಕೊಂಡು ನಿಂತವನನ್ನು ಕಂಡಾಗ ನಿಮಗೆ ಸಿಟ್ಟು ಬರಬೇಕು. ಅಂಗವಿಕಲರ ಸೀಟಿನಲ್ಲಿ ಕಾಲು ಚಾಚಿ ಕೂತು, ಊರುಗೋಲಿನವನು ಎದುರಿಗೆ ನಿಂತರೂ ಮೊಬೈಲು ನೋಡುವವನ ಮೇಲೆ ಬರಬೇಕು. ಹೊಲೆಮನೆಯವಳು ಎಂದು ಪಕ್ಕ ಕೂರದೆ ಸೀರೆ ಸರಿಸಿಕೊಂಡವರನ್ನು ನೋಡಿದಾಗ ಬರಬೇಕು. ಆ ಸಿಟ್ಟು ಉಳಿಸಿಕೊಳ್ಳುವುದಕ್ಕಾಗಿಯೇ ಮಿಕ್ಕ ಕಡೆ ಖರ್ಚು ಮಾಡಬೇಡಿ ಎನ್ನುತ್ತೇನೆ. ಹಾಗಾಗಿ ಸದಾ ನಗುಮುಖ ಎಂಬ ಪಾಠವನ್ನು ತರಬೇತಿ ಕೇಂದ್ರದಲ್ಲೇ ಬಿಟ್ಟುಬನ್ನಿ. ಪ್ರಯಾಣಿಕ ದೇವರಲ್ಲ, ನೀವು ಪೂಜಾರಿಯೂ ಅಲ್ಲ. ಅವನಿಗೆ ಸಲ್ಲಬೇಕಾದದ್ದು ಮರ್ಯಾದೆ, ಸರಿಯಾದ ಟಿಕೆಟ್ಟು, ಸರಿಯಾದ ಚಿಲ್ಲರೆ, ಅವನ ಊರಲ್ಲಿ ಬಸ್ಸು ನಿಲ್ಲುವುದು. ನಗು ಬಂದರೆ ಬರಲಿ. ಬರದಿದ್ದರೆ ಅದು ಕರ್ತವ್ಯಲೋಪವಲ್ಲ.

ಲೈನಿನಲ್ಲಿ ಕಲಿತ ಕೆಲವನ್ನು ಹೇಳಿಬಿಡುತ್ತೇನೆ. ಏಕವಚನಕ್ಕೆ ಇಳಿಯಬೇಡಿ, ಎದುರಿನವನು ಇಳಿದರೂ. ಅವನ “ಏನೋ” ಎಂಬುದಕ್ಕೆ ನಿಮ್ಮ “ಏನ್ರಿ” ಉತ್ತರವಾದರೆ ಇಡೀ ಬಸ್ಸು ನಿಮ್ಮ ಕಡೆಗಿರುತ್ತದೆ. “ಏನೋ”ಗೆ “ಏನೋ” ಎಂದರೆ ಇಬ್ಬರೂ ಜಗಳಗಂಟರಾಗುತ್ತೀರಿ. ಬಸ್ಸು ಓಡುವಾಗ ಬಾಗಿಲ ಹತ್ತಿರ ವಾದಕ್ಕೆ ನಿಲ್ಲಬೇಡಿ; “ರೈಟ್” ಹೇಳಿ ಮುಂದಿನ ಸೀಟಿನವರಿಗೆ ಟಿಕೆಟ್ ಕೊಡುತ್ತಾ ಹೋಗಿ, ತಿರುಗಿ ಬರುವಷ್ಟರಲ್ಲಿ ಅವನ ಉಸಿರು ಇಳಿದಿರುತ್ತದೆ. ಒಬ್ಬನಿಗೆ ಹೇಳಬೇಕಾದದ್ದನ್ನು ಎಲ್ಲರಿಗೂ ಹೇಳಿದ ಹಾಗೆ ಹೇಳಿ. ತಮಾಷೆ ಬಲ್ಲವರಾದರೆ ಮಾಡಿ, ಆದರೆ ನಿಮ್ಮನ್ನು ನೀವೇ ತಮಾಷೆ ಮಾಡಿಕೊಳ್ಳಿ. ಹಳ್ಳಿಯ ಬಸ್ಸಿನಲ್ಲಿ ಮುಖ ಪರಿಚಯವೇ ಅರ್ಧ ಕೆಲಸ ಮಾಡುತ್ತದೆ. ಒಂದೇ ರೂಟಿನಲ್ಲಿ ವರ್ಷ ಕಳೆದವನಿಗೆ ಜಗಳವೇ ಬರುವುದಿಲ್ಲ; ರೂಟು ಬದಲಾದ ವಾರವೇ ಬರುತ್ತದೆ. ಡ್ಯೂಟಿ ಹಾಕುವವರು ಇದನ್ನು ಗಮನಿಸಿದ್ದಾರೋ ಇಲ್ಲವೋ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. ಕಂಡಕ್ಟರುಗಳು ಸಿಡುಕರು ಎಂದು ಊರೆಲ್ಲ ಹೇಳುತ್ತದೆ. ಸ್ವಭಾವವೇ ಹಾಗೆ ಎನ್ನುತ್ತಾರೆ. ನನ್ನ ಸರ್ವಿಸಿನಲ್ಲಿ ಕಂಡದ್ದು ಬೇರೆ. ಸಿಟ್ಟು ಎಲ್ಲಿ, ಎಷ್ಟು ಗಂಟೆಗೆ, ಯಾವ ಸ್ಟೇಜಿನಲ್ಲಿ ಹುಟ್ಟುತ್ತದೆ ಎಂದು ಮೊದಲೇ ಹೇಳಬಹುದು. ಸ್ವಭಾವದ ಸಿಟ್ಟಿಗೆ ಹಾಗೆ ವೇಳಾಪಟ್ಟಿ ಇರುವುದಿಲ್ಲ.

ಚಿಲ್ಲರೆಯನ್ನೇ ತೆಗೆದುಕೊಳ್ಳಿ. 2025ರ ಜನವರಿ 5ರಿಂದ ಬಸ್ ದರ ಶೇಕಡಾ 15 ಏರಿತು. ಬೆಂಗಳೂರಿನ ಬಿಎಂಟಿಸಿ ಬಸ್ಸುಗಳಲ್ಲಿ 5 ರೂಪಾಯಿ ಇದ್ದ ಟಿಕೆಟ್ 6 ಆಯಿತು, 10 ಇದ್ದದ್ದು 12, 15 ಇದ್ದದ್ದು 18, 20 ಇದ್ದದ್ದು 23. ಒಂದು ಕಚೇರಿಯಲ್ಲಿ ಕೂತು ಈ ಅಂಕಿ ಬರೆದವರು ಆದಾಯದ ಲೆಕ್ಕ ಹಾಕಿದ್ದರು. ಜತೆಗೆ ಆವತ್ತಿನಿಂದ ಎಷ್ಟು ಸಾವಿರ ಜಗಳ ನಡೆಯಬೇಕು ಎಂಬುದನ್ನೂ ಅಲ್ಲಿಯೇ ತೀರ್ಮಾನಿಸಿದ ಹಾಗಾಯಿತು. ನೂರರ ನೋಟು ಕೊಟ್ಟು 6 ರೂಪಾಯಿ ಟಿಕೆಟ್ ಕೇಳುವವನದು ತಪ್ಪಲ್ಲ. ಬ್ಯಾಗಿನಲ್ಲಿ ಬಿಡಿ ನಾಣ್ಯ ಇಲ್ಲದವನದೂ ತಪ್ಪಲ್ಲ. ಹಿಂದೆ ಬೆಂಗಳೂರಿನ ಪ್ರಯಾಣಿಕರೊಬ್ಬರು ಒಂದು ರೂಪಾಯಿ ಚಿಲ್ಲರೆ ಬರಲಿಲ್ಲವೆಂದು ಗ್ರಾಹಕರ ಆಯೋಗಕ್ಕೆ ಹೋದರು. 2023ರಲ್ಲಿ ಆಯೋಗ ಅವರಿಗೆ 2000 ರೂಪಾಯಿ ಪರಿಹಾರ ಕೊಡಿಸಿತು. ಪೇಪರಿನಲ್ಲಿ ಓದಿದವರು ನಕ್ಕರು. ನಾನು ನಗಲಿಲ್ಲ. ಆ ಪ್ರಯಾಣಿಕರು ಮಾಡಿದ್ದು ಸರಿ. ಒಂದು ರೂಪಾಯಿಗಾಗಿ ಕಂಡಕ್ಟರ ಕಾಲರ್ ಹಿಡಿಯುವ ಬದಲು ನಿಗಮವನ್ನೇ ಕಟಕಟೆಗೆ ತಂದರು. ಈಗ ಯುಪಿಐ ಬಂದಿದೆ, ಚಿಲ್ಲರೆ ಜಗಳ ಅರ್ಧಕ್ಕರ್ಧ ಇಳಿದಿದೆ ಎನ್ನುತ್ತಾರೆ ಗೆಳೆಯರು. ಜನ ಬದಲಾಗಲಿಲ್ಲ, ಕಂಡಕ್ಟರುಗಳ ಸ್ವಭಾವವೂ ಬದಲಾಗಲಿಲ್ಲ; ವ್ಯವಸ್ಥೆ ಬದಲಾಯಿತು. ಘಟ್ಟದ ಕೆಳಗೆ ನೆಟ್‌ವರ್ಕ್ ಹೋದಾಗ ಮಾತ್ರ ಹಳೆಯ ಜಗಳ ಹೊಸ ಹೆಸರಿನಲ್ಲಿ ಬರುತ್ತದಂತೆ.

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಹತ್ತಿ ನೋಡಿ. ಟಿಕೆಟ್ ನಿಲ್ದಾಣದಲ್ಲೇ ಕೊಡುತ್ತಾರೆ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ರಸ್ತೆಯಲ್ಲಿ ಅದಕ್ಕೆಂದೇ ಬೇರೆ ದಾರಿ. ಬಸ್ಸಿನೊಳಗೆ ಚಿಲ್ಲರೆಯ ಜಗಳವಿಲ್ಲ, ಫುಟ್‌ಬೋರ್ಡಿನ ಜಗಳವಿಲ್ಲ. ಅದೇ ಹುಬ್ಬಳ್ಳಿ, ಅದೇ ಧಾರವಾಡ, ಅದೇ ಜನ. ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆಯ ಬಗ್ಗೆ ಹೇಳದಿದ್ದರೆ ಈ ಪತ್ರ ಸುಳ್ಳಾಗುತ್ತದೆ. 2023ರ ಜೂನ್ 11ರಂದು ಅದು ಶುರುವಾದ ಮೇಲಿನ ತಿಂಗಳುಗಳನ್ನು ನಾನು ಲೈನಿನಲ್ಲಿದ್ದು ಕಂಡವನು. ಯೋಜನೆ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ತವರಿಗೆ ಹೋಗಲು ಗಂಡನ ಮುಂದೆ ಕೈಚಾಚುತ್ತಿದ್ದ ಹೆಣ್ಣುಮಕ್ಕಳು ತಾವೇ ಬಸ್ಸು ಹತ್ತಿದ್ದನ್ನು, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಬಸ್ಸಿನಲ್ಲಿ ಅವರ ಮುಖದಲ್ಲಿದ್ದ ಬೆಳಕನ್ನು ನೋಡಿದವರು ಬೇರೆ ಮಾತಾಡಲಾರರು. ಆದರೆ ಆ ಯೋಜನೆ ಒಪ್ಪದವರ ಕೋಪ ವಿಧಾನಸೌಧಕ್ಕೆ ಹೋಗಲಿಲ್ಲ, ನಮ್ಮ ಕಿವಿಗೆ ಬಂತು. “ನಾವು ದುಡ್ಡು ಕೊಟ್ಟು ನಿಂತಿರಬೇಕು, ಅವರು ಪುಕ್ಕಟೆ ಕೂತಿರಬೇಕಾ?” ಎಂದು ಗಂಡಸರು. ಬಿಎಂಟಿಸಿ ಬಿಟ್ಟು ಉಳಿದ ನಿಗಮಗಳಲ್ಲಿ ಅರ್ಧ ಸೀಟು ಗಂಡಸರಿಗೆ ಎಂಬ ನಿಯಮವಿತ್ತು. ಹೆಂಗಸರು ಕೂತಮೇಲೆ ಎಬ್ಬಿಸುವವನು ಯಾರು? ಕಂಡಕ್ಟರು. ಊರಿನವರೇ ಆದರೂ ಗುರುತಿನ ಚೀಟಿ ಕೇಳುವವನು ಯಾರು? ಕಂಡಕ್ಟರು. “ದಿನಾ ನೋಡ್ತೀರಿ, ನನ್ನ ಗುರುತಿಲ್ವಾ?” ಎಂದು ನೊಂದುಕೊಳ್ಳುವ ಅಕ್ಕನಿಗೆ ಏನು ಹೇಳುವುದು? ಗುರುತಿದೆ, ಆದರೆ ಶೂನ್ಯ ಟಿಕೆಟ್ ಹರಿಯದೆ ಬಿಟ್ಟರೆ ಚೆಕಿಂಗಿನಲ್ಲಿ ಮೆಮೊ ಬರುವುದು ನನಗೆ. ಸರ್ಕಾರ ಮಾಡಿದ ನಿಯಮವನ್ನು ಜನಕ್ಕೆ ವಿವರಿಸುವ ಕೆಲಸ, ಅದರ ಪರವಾಗಿ ಬೈಸಿಕೊಳ್ಳುವ ಕೆಲಸ, ಎರಡೂ ಸಂಬಳದ ಚೀಟಿಯಲ್ಲಿಲ್ಲ.

ಇನ್ನು ಸಮಯ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಹೇಳಿತು; ಐದು ಗಂಟೆ ಎಡೆಬಿಡದೆ ದುಡಿದರೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಎಂದು ಬರೆಯಿತು. ಒಳ್ಳೆಯ ಕಾಯ್ದೆ. ಆದರೆ ಟ್ರಾಫಿಕ್ಕು ಆ ಕಾಯ್ದೆ ಓದಿಲ್ಲ. ಬಸ್ಸು ನಲವತ್ತು ನಿಮಿಷ ತಡವಾಗಿ ನಿಲ್ದಾಣಕ್ಕೆ ಬಂದರೆ ಮೊದಲು ಮಾಯವಾಗುವುದು ಆ ಅರ್ಧ ಗಂಟೆಯೇ. ಊಟದ ಡಬ್ಬಿ ತೆರೆಯುವ ಮೊದಲೇ ಕಂಟ್ರೋಲರ್ ಸೀಟಿ. ಹೊಟ್ಟೆ ಹಸಿದಿದೆ, ಮೂತ್ರ ಕಟ್ಟಿಕೊಂಡಿದೆ, ಮುಂದಿನ ಟ್ರಿಪ್ಪಿನ ಜನ ಹತ್ತಿಯಾಗಿದೆ, “ಎಷ್ಟೊತ್ತು ಲೇಟು” ಎಂದು ಮೊದಲ ಪ್ರಶ್ನೆ ಬಂದಾಗಿದೆ. ಆಗ ನಿಮ್ಮ ಬಾಯಿಂದ ಬರುವ ಮಾತು ನಿಮ್ಮ ಸ್ವಭಾವವನ್ನು ಹೇಳುವುದಿಲ್ಲ, ನಿಮ್ಮ ಶೆಡ್ಯೂಲನ್ನು ಹೇಳುತ್ತದೆ. ತಾಳ್ಮೆಯೂ ಡೀಸೆಲಿನ ಹಾಗೆ, ಖಾಲಿಯಾದ ಮೇಲೆ ಬೈದರೆ ಗಾಡಿ ಮುಂದೆ ಹೋಗುವುದಿಲ್ಲ. ಡಿಪೋದಲ್ಲಿ ಡೀಸೆಲಿನ ಲೆಕ್ಕ ಮಾತ್ರ ಹನಿಹನಿಗೂ ಇದೆ.

ನಮ್ಮ ಕಸುಬಿನವರು ವೈದ್ಯಶಾಸ್ತ್ರದಲ್ಲಿ ಹೆಸರುವಾಸಿ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ನೋಡಿ, ಕೂತೇ ಇರುವ ಡ್ರೈವರುಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು ತೋರಿಸಿದರು. ವ್ಯಾಯಾಮ ಮಾಡಿ ಎಂದು ಡಾಕ್ಟರು ಇವತ್ತು ಹೇಳುವ ಮಾತಿನ ಹಿಂದೆ ನಮ್ಮವರ ಕಾಲುಗಳಿವೆ. ಮಾರಿಸ್ ಅಷ್ಟಕ್ಕೇ ಬಿಡದೆ ಅವರ ಯೂನಿಫಾರ್ಮಿನ ಪ್ಯಾಂಟಿನ ಸೊಂಟದ ಅಳತೆಯನ್ನೂ ತರಿಸಿ ನೋಡಿದರು. ಅವರು ಅಳೆದದ್ದು ಮೆಟ್ಟಿಲು ಮತ್ತು ಸೊಂಟ. ಬಾಯಿ ಮುಚ್ಚಿಕೊಂಡಿರುವುದಕ್ಕೆ ಎದೆ ಎಷ್ಟು ಬೆಲೆ ತೆರುತ್ತದೆ ಎಂಬುದು ಆ ಲೆಕ್ಕದಲ್ಲಿಲ್ಲ. ನಮಗಂತೂ ಡಬಲ್ ಡೆಕ್ಕರಿನ ಮೆಟ್ಟಿಲೂ ಇಲ್ಲ. ಜನರ ನಡುವೆ ಓರೆಯಾಗಿ ತೂರುವುದೇ ವ್ಯಾಯಾಮ.

ತಂಗಿಯರಿಗೆ ಬೇರೆಯಾಗಿ ಎರಡು ಮಾತು. ನಿಮ್ಮ ಹೊರೆ ಹೆಚ್ಚು, ಇದನ್ನು ಮೊದಲೇ ಒಪ್ಪಿಕೊಂಡುಬಿಡೋಣ. ಗಂಡು ಕಂಡಕ್ಟರು ಬಿಗಿಯಾಗಿ ಮಾತಾಡಿದರೆ “ಸ್ಟ್ರಿಕ್ಟು” ಎನ್ನುತ್ತಾರೆ, ಅದೇ ಮಾತನ್ನು ನೀವಾಡಿದರೆ “ಜಂಬದವಳು”. ನಿಮ್ಮಿಂದ ಅಕ್ಕನ ಮೆದುತನವೂ ಬೇಕು, ಪೊಲೀಸಿನ ಖಡಕ್ಕೂ ಬೇಕು, ಎರಡರಲ್ಲಿ ಯಾವುದು ಕಡಿಮೆಯಾದರೂ ದೂರು. ರಶ್ಶಿನಲ್ಲಿ ತೂರಿ ಹೋಗುವಾಗ ಬೇಕೆಂದೇ ದಾರಿ ಬಿಡದವರಿರುತ್ತಾರೆ. ಅಲ್ಲಿ ಪಾಪ ಎಂಬ ಮಂತ್ರ ಬೇಡ; ಬೆಲ್ ಹೊಡೆದು ಬಸ್ಸು ನಿಲ್ಲಿಸಿ. ಒಂದು ಸಲ ನಿಲ್ಲಿಸಿದರೆ ಆ ರೂಟಿನಲ್ಲಿ ವರ್ಷಗಟ್ಟಲೆ ನೆನಪಿರುತ್ತದೆ. ನಮ್ಮ ಡಿಪೋದಲ್ಲಿ ಹೆಣ್ಣು ಕಂಡಕ್ಟರೊಬ್ಬರು ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ವ್ರತವೇ ಎಂದು ಕೇಳಿದೆ. ರೂಟಿನ ಎರಡು ತುದಿಯಲ್ಲೂ ಹೋಗಬಹುದಾದಂಥ ಶೌಚಾಲಯವಿಲ್ಲ, ಅದಕ್ಕೆ ಎಂದರು. ನಾನು ಅವರ ಸಿಡುಕಿನ ಬಗ್ಗೆ ಅಲ್ಲಿಯವರೆಗೆ ಕೇಳಿದ್ದ ದೂರುಗಳಿಗೆಲ್ಲ ಆವತ್ತು ಅರ್ಥ ಸಿಕ್ಕಿತು. ಮನೆಗೆ ಹೋದ ಮೇಲೂ ನಿಮ್ಮ ಡ್ಯೂಟಿ ಮುಗಿಯುವುದಿಲ್ಲ: ಅಲ್ಲಿ ಅತ್ತೆಯ ಮುಂದೆ ಒಂದು ಮುಖ, ಮಕ್ಕಳ ಮುಂದೆ ಒಂದು ಮುಖ. ಸೌಮ್ಯ ಎಂಬುದನ್ನು ಹೆಣ್ಣಿನ ಹುಟ್ಟುಗುಣ ಎಂದು ಹೇಳಿ ಅದರ ಕೂಲಿ ಉಳಿಸಿಕೊಳ್ಳುವವರ ಮಾತಿಗೆ ಸಿಕ್ಕಿಬೀಳಬೇಡಿ. ಅದು ನೀವು ಮಾಡುವ ಕೆಲಸ.

ಮಾತು ಕೈಗೆ ತಿರುಗುವುದೂ ಉಂಟು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ, ಬಾಗಿಲಲ್ಲಿ ನಿಲ್ಲಬೇಡ ಒಳಗೆ ಬಾ ಎಂದಿದ್ದಕ್ಕೆ ಯುವಕನೊಬ್ಬ ಬಿಎಂಟಿಸಿ ಕಂಡಕ್ಟರಿಗೆ ಚಾಕು ಹಾಕಿದ. ಅವನು ಕೆಲವೇ ದಿನಗಳ ಹಿಂದೆ ಕೆಲಸ ಕಳೆದುಕೊಂಡಿದ್ದ ಎಂದು ಪತ್ರಿಕೆಗಳು ಬರೆದವು. ಯಾವುದೋ ಆಫೀಸಿನಲ್ಲಿ ಹುಟ್ಟಿದ ಸಿಟ್ಟು ನಮ್ಮವನ ಹೊಟ್ಟೆಗೆ ಇಳಿಯಿತು. 2025ರ ಫೆಬ್ರುವರಿಯಲ್ಲಿ ಬೆಳಗಾವಿ ತಾಲ್ಲೂಕಿನಲ್ಲಿ ಶೂನ್ಯ ಟಿಕೆಟ್ಟಿನ ಒಂದು ಮಾತು ಭಾಷೆಯ ಜಗಳವಾಗಿ ಕಂಡಕ್ಟರು ಪೆಟ್ಟು ತಿಂದರು. ಎರಡು ರಾಜ್ಯಗಳ ನಡುವಿನ ಬಸ್ಸುಗಳೇ ನಿಂತುಹೋದವು. ಕರ್ತವ್ಯದಲ್ಲಿರುವ ಸಾರ್ವಜನಿಕ ನೌಕರನ ಮೇಲೆ ಕೈ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್ನಿನಲ್ಲಿ ಅಪರಾಧ. ಹಳೆಯವರು ಅದನ್ನು 353 ಎಂದು ಬಲ್ಲರು. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ಆದರೆ ಬಸ್ಸಿನಲ್ಲಿ ಒದರಬೇಡಿ. ಕುದಿಯುತ್ತಿರುವವನಿಗೆ ಸೆಕ್ಷನ್ನು ಕೇಳಿಸುವುದಿಲ್ಲ. ಗಾಡಿಯನ್ನು ಠಾಣೆಯ ಕಡೆಗೆ ತಿರುಗಿಸುವುದು ಡ್ರೈವರಿಗೆ ಗೊತ್ತಿರುತ್ತದೆ. ಎಂಟು ರೂಪಾಯಿ ಟಿಕೆಟ್ಟಿಗಾಗಿ ಪ್ರಾಣ ಒಡ್ಡಬೇಡಿ.

ಪೆಟ್ಟಿಗೆ ಕಾನೂನಿದೆ, ಬೈಗುಳಕ್ಕೆ ಏನಿದೆ? ದಕ್ಷಿಣ ಕೊರಿಯಾದಲ್ಲಿ 2018ರ ಅಕ್ಟೋಬರಿನಿಂದ ಇದಕ್ಕೂ ಕಾನೂನು ಬಂದಿದೆ. ಗ್ರಾಹಕರ ಬೈಗುಳ ತಿಂದ ನೌಕರನನ್ನು ಆ ಕೆಲಸದಿಂದ ಸ್ವಲ್ಪ ಹೊತ್ತು ಬಿಡಿಸುವುದು, ಬಿಡುವು ಹೆಚ್ಚಿಸುವುದು, ಬೇಕಾದರೆ ಆಪ್ತ ಸಲಹೆ ಕೊಡಿಸುವುದು ಮಾಲೀಕನ ಹೊಣೆ. ಹಾಗೆ ಕೇಳಿದ ನೌಕರನನ್ನು ಶಿಕ್ಷಿಸುವಂತಿಲ್ಲ. ಗ್ರಾಹಕರ ಕಿರುಕುಳ ತಡೆಯಲು ಟೋಕಿಯೊ ನಗರಾಡಳಿತ ಮಾಡಿದ ಕಟ್ಟಳೆ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಲ್ಲಿ ದಂಡವಿಲ್ಲ, ಆದರೂ ಗ್ರಾಹಕ ಏನು ಬೇಕಾದರೂ ಅನ್ನಬಹುದು ಎಂಬುದನ್ನು ಒಂದು ಸರ್ಕಾರ ಒಪ್ಪುವುದಿಲ್ಲ ಎಂದು ಬರೆದಿಟ್ಟ ಹಾಗಾಯಿತು. ನಮ್ಮಲ್ಲಿ ಪ್ರಯಾಣಿಕನ ದೂರಿಗೆ ನಂಬರು ಇದೆ, ಬಸ್ಸಿನ ಗೋಡೆಯ ಮೇಲೆ ಬರೆದಿದ್ದಾರೆ. ಇರಲಿ, ಇರಬೇಕು. ಕಂಡಕ್ಟರ ದೂರಿಗೆ ಯಾವ ಗೋಡೆ?

ಮನೆಯ ಬಗ್ಗೆ ಒಂದಿಷ್ಟು. ದಿನವಿಡೀ ನುಂಗಿಕೊಂಡದ್ದು ಎಲ್ಲಿಗೂ ಹೋಗಿರುವುದಿಲ್ಲ. ಸಂಜೆ ಚಪ್ಪಲಿ ಎಲ್ಲೋ ಬಿಟ್ಟ ಮಗನ ಮೇಲೆ, ಸಾರಿಗೆ ಉಪ್ಪು ಜಾಸ್ತಿ ಮಾಡಿದ ಹೆಂಡತಿಯ ಮೇಲೆ ಅದು ಬೀಳುತ್ತದೆ. ಇಲ್ಲವೇ ಡಿಪೋ ಎದುರಿನ ಬಾರಿಗೆ ಹೋಗುತ್ತದೆ. ಅಲ್ಲಿ ಸಂಬಳ, ಲಿವರ್ ಎರಡನ್ನೂ ಬಿಟ್ಟುಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ನನಗೆ ಕಂಡ ದಾರಿ ಒಂದೇ, ಅದು ಡ್ರೈವರು. ಜೋಡಿ ಸರಿಯಿದ್ದರೆ ಅರ್ಧ ಭಾರ ಇಳಿದ ಹಾಗೆ. ಎತ್ತು ಏರಿಗೆ ಕೋಣ ನೀರಿಗೆ ಆದರೆ ಪ್ರಯಾಣಿಕರಿಲ್ಲದಿದ್ದರೂ ಜಗಳವಿರುತ್ತದೆ. ಟ್ರಿಪ್ಪಿನ ಕೊನೆಗೆ ಚಹಾ ಕುಡಿಯುತ್ತಾ “ಇವತ್ತೊಬ್ಬ ಸಿಕ್ಕಿದ್ದ ನೋಡು ಮಾರಾಯ” ಎಂದು ಅವನ ದನಿಯಲ್ಲೇ ಅಣಕು ಮಾಡಿ ತೋರಿಸಿ, ಇಬ್ಬರೂ ನಕ್ಕು ಎದ್ದರೆ ಬೈಗುಳ ಅಲ್ಲೇ ಉಳಿಯುತ್ತದೆ. ಇದು ಹರಟೆಯಂತೆ ಕಾಣುತ್ತದೆ, ಹರಟೆಯಲ್ಲ. ಹೊಸ ಮೇಲಧಿಕಾರಿಯೊಬ್ಬರು ಬಂದಾಗ “ಚಹಾ ಅಂಗಡಿಯಲ್ಲಿ ಗುಂಪು ಕೂರಬಾರದು” ಎಂದು ನೋಟಿಸು ಹಚ್ಚಿದ್ದರು. ಆ ತಿಂಗಳು ನಮ್ಮಲ್ಲಿ ಜಗಳದ ದೂರುಗಳು ಹೆಚ್ಚಾದವು. ಯಾಕೆಂದು ಅವರಿಗೆ ಹೊಳೆಯಲೇ ಇಲ್ಲ.

ನಿಮ್ಮ ಸಂಘಗಳು ಸಂಬಳಕ್ಕಾಗಿ ಹೋರಾಡುತ್ತಿವೆ, ಹೋರಾಡಲೇಬೇಕು. 2025ರ ಆಗಸ್ಟ್ 5ರ ಮುಷ್ಕರ 38 ತಿಂಗಳ ಹಿಂಬಾಕಿಗಾಗಿ ನಡೆದದ್ದು. ಬಾಕಿ ಕೊಡದೆ ನಗು ಎನ್ನುವುದು ನಾಚಿಕೆಗೆಟ್ಟ ಮಾತು. ಆದರೆ ಬೇಡಿಕೆ ಪಟ್ಟಿಗಳಲ್ಲಿ ನಾನು ಈ ದುಡಿಮೆಯ ಹೆಸರು ಕಂಡಿಲ್ಲ. ಹಿರಿಯರು ಕೇಳಲಿಲ್ಲ, ತಾಳ್ಮೆ ನಮ್ಮ ದೊಡ್ಡತನ ಎಂದುಕೊಂಡುಬಿಟ್ಟರು. ನೀವು ಹಾಗೆ ಅಂದುಕೊಳ್ಳಬೇಡಿ. ಮುಂದಿನ ಸಲ ಪಟ್ಟಿ ಬರೆಯುವಾಗ ಸಂಬಳದ ಕೆಳಗೆ ಇವನ್ನೂ ಬರೆಸಿ. ಬೈಗುಳ ಅಥವಾ ಹೊಡೆತ ತಿಂದ ಟ್ರಿಪ್ಪಿನ ನಂತರ ಸಂಬಳ ಕಡಿತವಿಲ್ಲದೆ ಅರ್ಧ ಗಂಟೆ ಕೂರುವ ಹಕ್ಕು. ರೂಟಿನ ಎರಡೂ ತುದಿಯಲ್ಲಿ ನೀರು ಬರುವ ಶೌಚಾಲಯ. ಡಿಪೋ ಬಿಡುವಾಗ ಟಿಕೆಟ್ ದರಕ್ಕೆ ತಕ್ಕ ಚಿಲ್ಲರೆ. ದೂರು ಬಂದರೆ ಮೆಮೊ ಟೈಪ್ ಮಾಡುವ ಮೊದಲು ಕಂಡಕ್ಟರ ಮಾತನ್ನೂ, ಆ ದಿನದ ಶೆಡ್ಯೂಲನ್ನೂ ಜತೆಗಿಟ್ಟು ನೋಡುವ ನಿಯಮ.

ಇದನ್ನು ನಿಮ್ಮ ವಿಶ್ರಾಂತಿ ಕೊಠಡಿಯಲ್ಲಿ ಓದಿ, ಒಪ್ಪದಿದ್ದರೆ ಒಪ್ಪುವುದಿಲ್ಲವೆಂದು ಬರೆಯಿರಿ. ಒಪ್ಪಿದರೆ ನಿಮ್ಮ ಡಿಪೋದ ಸಂಘದ ಕಾರ್ಯದರ್ಶಿಯ ಕೈಗೆ ಈ ವಾರವೇ ಒಂದು ಪ್ರತಿ ಕೊಡಿ.

ಇತಿ,
ನಿಮ್ಮ ಹಿಂದೆ ಇದೇ ಬ್ಯಾಗು ಹೊತ್ತಿದ್ದ ಒಬ್ಬ ನಿವೃತ್ತ ಕಂಡಕ್ಟರ್